ಹಳತರಲ್ಲಿ ಹೊಸ ಆಟ ಕಂಡ ಗುನ್‌ಪೇ ಯೊಕೊಯಿ

ವಿಡಿಯೋ ಗೇಮ್ ಉದ್ಯಮದಲ್ಲಿ ಒಂದು ಯಂತ್ರದ ವೈಭವ ಸಾಮಾನ್ಯವಾಗಿ ಐದಾರು ವರ್ಷಗಳದು. ಹೊಸ ಯಂತ್ರ ಬಂದೊಡನೆ ಹಳೆಯದು ಮೂಲೆ ಸೇರುತ್ತದೆ. ಅದರೊಂದಿಗೆ, ಗ್ರಾಹಕ ಹಣ ತೆತ್ತು ಕೂಡಿಟ್ಟ ಆಟಗಳೂ ಎಷ್ಟೋ ಬಾರಿ ನಿರುಪಯುಕ್ತವಾಗುತ್ತವೆ. ಈ ರೂಢಿಗೆ ದೀರ್ಘಕಾಲ ಅಪವಾದವಾಗಿ ನಿಂತದ್ದು ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್. 1989ರಲ್ಲಿ ಕೊಂಡ ಅದರ ಆಟವೊಂದನ್ನು 2003ರಲ್ಲಿ ಹೊರಬಂದ ಅದೇ ವಂಶದ ಯಂತ್ರಕ್ಕೆ ಸಿಕ್ಕಿಸಿ ಆಡಬಹುದಾಗಿತ್ತು.

ಗೇಮ್ ಬಾಯ್ ರೂಪುಗೊಂಡ ವಿಭಾಗದ ಮುಖ್ಯಸ್ಥರಾಗಿದ್ದವರು ಗುನ್‌ಪೇ ಯೊಕೊಯಿ. ಹೊಸಬರು ಹೆದರಿ ಹಿಂದೆ ಸರಿಯಬಾರದು, ನುರಿತವರು ಬೇಸರಪಟ್ಟು ಕೆಳಗಿಡಬಾರದು ಎಂಬ ಕಾಳಜಿಯಿಂದ ಒಂದೇ ಆಟಿಕೆಯಲ್ಲಿ ಎರಡು ಮಟ್ಟಗಳನ್ನಿಟ್ಟು ಕೋಟ್ಯಂತರ ಜನರ ಜೇಬಿಗೆ ತಲುಪಿಸಿದವರೂ ಅವರೇ. ಯಂತ್ರದ ಶಕ್ತಿಗಿಂತ ಅದನ್ನು ಹಿಡಿದ ಕೈ ದೊಡ್ಡದೆಂದು ನಂಬಿದ್ದ ಈ ಎಂಜಿನಿಯರ್, ಆ ನಂಬಿಕೆಯಿಂದ ಒಮ್ಮೆ ದೂರ ಸರಿದಾಗ ಭಾರಿ ಬೆಲೆ ತೆರಬೇಕಾಯಿತು.

ಇಸ್ಪೀಟು ಕಾರ್ಖಾನೆಯಲ್ಲಿ ಆರಂಭ

ಯೊಕೊಯಿ ಜನಿಸಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಪ್ರಾಚೀನ ರಾಜಧಾನಿ ಕ್ಯೋಟೋದಲ್ಲಿ. ಅದೇ ನಗರದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಶಾಸ್ತ್ರದಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಅವರು 1965ರಲ್ಲಿ ನಿಂಟೆಂಡೊ ಸೇರಿದರು. ಅಂದಿನ ನಿಂಟೆಂಡೊಗೂ ಎಲೆಕ್ಟ್ರಾನಿಕ್ಸ್‌ಗೂ ಯಾವ ನಂಟೂ ಇರಲಿಲ್ಲ. 1889ರಲ್ಲಿ ಸ್ಥಾಪನೆಯಾದ ಆ ಕಂಪನಿ ಹನಾಫುದಾ ಎಂಬ ಹೂವಿನ ಚಿತ್ರಗಳ ಎಲೆಗಳನ್ನೂ ಇಸ್ಪೀಟೆಲೆಗಳನ್ನೂ ತಯಾರಿಸುತ್ತಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿ ಅವರಿಗೆ ದೊರೆತ ಕೆಲಸ.

ಯಂತ್ರಗಳು ಕೆಡದ ದಿನ ಅವರಿಗೆ ಬಿಡುವು. ಆ ಬಿಡುವಿನಲ್ಲಿ, ಕತ್ತರಿಯಂತೆ ಮಡಿಸಿ ಚಾಚುವ ಪಟ್ಟಿಗಳನ್ನು ಜೋಡಿಸಿ, ದೂರದ ವಸ್ತುವನ್ನು ಕುಳಿತಲ್ಲಿಂದಲೇ ಹಿಡಿಯುವ ಕೈಯೊಂದನ್ನು ಅವರು ಮಾಡಿಕೊಂಡಿದ್ದರು. ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅವರ ಕಣ್ಣಿಗೆ ಅದು ಬಿದ್ದಿತು. ಬೈಗುಳ ನಿರೀಕ್ಷಿಸಿದ್ದ ತರುಣನಿಗೆ ದೊರೆತದ್ದು, ಅದನ್ನೇ ಆಟಿಕೆಯಾಗಿ ರೂಪಿಸಬೇಕೆಂಬ ಆದೇಶ. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಯಂತ್ರ ರಿಪೇರಿಯ ನೌಕರ ಅಲ್ಲಿಂದ ಆಟಿಕೆಗಳ ವಿನ್ಯಾಸಕಾರರಾದರು.

ಮುಂದಿನ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡ ವಸ್ತುಗಳೆಲ್ಲ ಸಾಧಾರಣವಾದವೇ. 1969ರ ಲವ್ ಟೆಸ್ಟರ್, ಇಬ್ಬರು ಕೈಕೈ ಹಿಡಿದಾಗ ದೇಹದ ಮೂಲಕ ಹರಿಯುವ ಅಲ್ಪ ವಿದ್ಯುತ್ತನ್ನು ಅಳೆದು ಅವರ ಪ್ರೀತಿಯ ಮಟ್ಟವನ್ನು ಮುಳ್ಳಿನ ಮೂಲಕ ತೋರಿಸುವ ವಿನೋದದ ಸಾಧನ. ಅದರೊಳಗೆ ಇದ್ದದ್ದು ವಿದ್ಯುತ್ ಮಾಪಕ ಮಾತ್ರ. 1970ರಲ್ಲಿ ಬಂದ ಬೆಳಕಿನ ಬಂದೂಕು, ಸೂರ್ಯನ ಬೆಳಕಿನಿಂದ ವಿದ್ಯುತ್ ಉತ್ಪಾದಿಸುವ ಕೋಶಗಳನ್ನು ಗುರಿಹಲಗೆಯಾಗಿ ಬಳಸಿಕೊಂಡಿತು. 1973ರಲ್ಲಿ, ಗಿರಾಕಿಗಳಿಲ್ಲದೆ ಖಾಲಿ ಬಿದ್ದಿದ್ದ ಬೌಲಿಂಗ್ ಕೇಂದ್ರಗಳನ್ನು ಬೆಳಕಿನ ಬಂದೂಕಿನ ಶೂಟಿಂಗ್ ಅಂಕಣಗಳಾಗಿ ಮಾರ್ಪಡಿಸುವ ಯೋಜನೆಯೂ ಆರಂಭವಾಯಿತು. ಅದೇ ವರ್ಷ ಎರಗಿದ ತೈಲ ಬಿಕ್ಕಟ್ಟಿನಿಂದ ಬೇಡಿಕೆಗಳು ರದ್ದಾಗಿ ನಿಂಟೆಂಡೊ ಸಾಲದ ಹೊರೆ ಹೊರಬೇಕಾಯಿತು.

ಈ ಏಳುಬೀಳುಗಳ ನಡುವೆ ಯೊಕೊಯಿ ಅವರಲ್ಲಿ ಒಂದು ವಿಚಾರ ಗಟ್ಟಿಗೊಂಡಿತು. ಹೊಚ್ಚಹೊಸ ತಂತ್ರಜ್ಞಾನ ದುಬಾರಿ, ಅದರ ದೋಷಗಳೂ ಪೂರ್ತಿ ತಿಳಿದಿರುವುದಿಲ್ಲ. ಬಳಸಿ ಬಳಸಿ ಹಳತಾದ ತಂತ್ರಜ್ಞಾನವಾದರೋ ಅಗ್ಗ, ಅದರ ಗುಣಾವಗುಣಗಳು ಎಲ್ಲರಿಗೂ ಗೊತ್ತು. ಆದ್ದರಿಂದ ಬಾಡಿದ ತಂತ್ರಜ್ಞಾನವನ್ನು ಎತ್ತಿಕೊಂಡು, ಯಾರೂ ಯೋಚಿಸದ ಅಡ್ಡದಾರಿಯಲ್ಲಿ ಬಳಸಬೇಕು ಎಂಬುದೇ ಆ ವಿಚಾರ. ಅದು ಮುಂದೆ ಅವರ ಹೆಸರಿನೊಂದಿಗೇ ಬೆಸೆದುಹೋಯಿತು.

ಎ ಆಟ, ಬಿ ಆಟ

ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ಜಪಾನಿನ ಬುಲೆಟ್ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಹೊತ್ತು ಕಳೆಯಲು ಕ್ಯಾಲ್ಕುಲೇಟರ್‌ನ ಗುಂಡಿಗಳನ್ನು ಒತ್ತುತ್ತಿದ್ದ ಪ್ರಯಾಣಿಕನೊಬ್ಬನನ್ನು ಯೊಕೊಯಿ ಗಮನಿಸಿದರು. ದೊಡ್ಡವರೂ ಯಾರ ಗಮನಕ್ಕೂ ಬಾರದಂತೆ ಅಂಗೈಯಲ್ಲಿ ಹಿಡಿದು ಆಡಬಹುದಾದ ಪುಟ್ಟ ಆಟಿಕೆಯ ಯೋಚನೆ ಅವರಿಗೆ ಹೊಳೆಯಿತು. ಆಗ ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ಪೈಪೋಟಿಯಿಂದಾಗಿ ಕ್ಯಾಲ್ಕುಲೇಟರ್‌ನ ಚಿಪ್ ಮತ್ತು ಎಲ್‌ಸಿಡಿ ಪರದೆಗಳ ಬೆಲೆ ಇಳಿದಿತ್ತು. ನಿಂಟೆಂಡೊ ಶಾರ್ಪ್ ಜೊತೆ ಕೈಜೋಡಿಸಿತು. 1980ರ ಏಪ್ರಿಲ್ 28ರಂದು ಗೇಮ್ ಆಂಡ್ ವಾಚ್ ಸರಣಿಯ ಮೊದಲ ಆಟಿಕೆ ಬಾಲ್, 5,800 ಯೆನ್ ಬೆಲೆಗೆ ಬಿಡುಗಡೆಯಾಯಿತು. ಆಡದಿರುವಾಗ ಅದೇ ಪರದೆ ಗಡಿಯಾರವಾಗುತ್ತಿತ್ತು.

ಈ ಆಟಿಕೆಯ ಮೇಲೆ ಎ ಆಟ, ಬಿ ಆಟ ಎಂಬ ಎರಡು ಪುಟ್ಟ ಗುಂಡಿಗಳಿದ್ದವು. ಎ ಒತ್ತಿದರೆ ಗಾಳಿಗೆ ಎಸೆದು ಹಿಡಿಯಬೇಕಾದ ಚೆಂಡುಗಳು ಎರಡು. ಬಿ ಒತ್ತಿದರೆ ಮೂರು. ನಿಯಮ ಒಂದೇ, ಬೇರೆಯಾದದ್ದು ಕಷ್ಟದ ಮಟ್ಟ ಮಾತ್ರ. ಸರಣಿಯ ಮುಂದಿನ ಆಟಿಕೆಗಳಲ್ಲೂ ಈ ಪದ್ಧತಿ ಬಹುಮಟ್ಟಿಗೆ ಮುಂದುವರಿಯಿತು. ಒಂದು ಆಟಿಕೆಗೆ ಒಂದೇ ಆಟವಿದ್ದ ಕಾಲದಲ್ಲಿ ಇದರ ಮಹತ್ವ ದೊಡ್ಡದು. ಕೊಂಡವನಿಗೆ ಆಟ ಬೇಗ ಸಲೀಸಾಗಿಬಿಟ್ಟರೆ ಅವನ ದುಡ್ಡು ವ್ಯರ್ಥ. ಮೊದಲ ದಿನವೇ ಸೋತು ಸುಣ್ಣವಾದರೂ ವ್ಯರ್ಥವೇ.

ಸರಣಿಯ ಹಲವು ಆಟಗಳಲ್ಲಿ ಇನ್ನೊಂದು ಔದಾರ್ಯವೂ ಇತ್ತು. 1981ರ ಆಕ್ಟೋಪಸ್‌ನಲ್ಲಿ ಮೂರು ತಪ್ಪಿಗೆ ಆಟ ಮುಗಿಯುತ್ತದೆಯಾದರೂ, 200 ಹಾಗೂ 500 ಅಂಕ ಮುಟ್ಟಿದಾಗ ಅದುವರೆಗಿನ ತಪ್ಪುಗಳು ಅಳಿಸಿಹೋಗುತ್ತವೆ. 1991ರವರೆಗೆ ನಡೆದ ಈ ಸರಣಿಯ ಆಟಿಕೆಗಳು ಜಗತ್ತಿನಾದ್ಯಂತ 4 ಕೋಟಿ 34 ಲಕ್ಷ ಮಾರಾಟವಾದವು. ನಿಂಟೆಂಡೊ ಹಳೆಯ ಸಾಲಗಳಿಂದ ಚೇತರಿಸಿಕೊಂಡಿತು.

ಈ ನಡುವೆ 1981ರಲ್ಲಿ, ಅಮೆರಿಕದಲ್ಲಿ ಮಾರಾಟವಾಗದೆ ಉಳಿದಿದ್ದ ರೇಡಾರ್ ಸ್ಕೋಪ್ ಎಂಬ ಆಟದ ಸುಮಾರು 2,000 ಪೆಟ್ಟಿಗೆಗಳನ್ನು ಎಸೆಯುವ ಬದಲು ಅವುಗಳಲ್ಲೇ ಬೇರೆ ಆಟ ಹಾಕಿ ಮಾರಲು ಕಂಪನಿ ನಿರ್ಧರಿಸಿತು. ಆ ಹೊಣೆ ದೊರೆತದ್ದು ಶಿಗೇರು ಮಿಯಾಮೊಟೊ ಎಂಬ ತರುಣ ಕಲಾವಿದನಿಗೆ. ಮೇಲ್ವಿಚಾರಣೆ ಯೊಕೊಯಿ ಅವರದು. ಹೀಗೆ ಹುಟ್ಟಿದ್ದು ಡಾಂಕಿ ಕಾಂಗ್. ಅದರ ನಾಯಕ ತುಸು ಎತ್ತರದಿಂದ ಬಿದ್ದರೂ ಸಾಯುತ್ತಿದ್ದ. ಅವನೇ ಮಾರಿಯೋ ಎಂಬ ಹೆಸರಿನಲ್ಲಿ ನಾಯಕನಾಗಿ ನಿಂತ 1983ರ ಮಾರಿಯೋ ಬ್ರದರ್ಸ್ ಸಿದ್ಧವಾಗುವಾಗ, ಎಷ್ಟು ಎತ್ತರದಿಂದ ಬಿದ್ದರೂ ಅವನಿಗೆ ಏನೂ ಆಗದಿರಲಿ ಎಂದು ಸೂಚಿಸಿದವರು ಯೊಕೊಯಿ. ಮಿಯಾಮೊಟೊ ಮೊದಲು ಹಿಂಜರಿದು ಬಳಿಕ ಒಪ್ಪಿದರು. ಜಗತ್ತು ಇಂದು ಬಲ್ಲ, ಮನಬಂದಂತೆ ಹಾರಿ ಧುಮುಕುವ ಮಾರಿಯೋ ಈ ಒಂದು ರಿಯಾಯಿತಿಯಿಂದ ರೂಪುಗೊಂಡ.

1982ರಲ್ಲಿ ಡಾಂಕಿ ಕಾಂಗ್ ಆಟವನ್ನು ಮಡಿಸುವ ಗೇಮ್ ಆಂಡ್ ವಾಚ್‌ಗೆ ಅಳವಡಿಸುವಾಗ ನಿಯಂತ್ರಣದ ಕಡ್ಡಿಗೆ ಸ್ಥಳವಿರಲಿಲ್ಲ. ಅದರ ಬದಲಿಗೆ ಕೂಡುಚಿಹ್ನೆಯ ಆಕಾರದ, ಚಪ್ಪಟೆಯಾದ ಗುಂಡಿಯೊಂದನ್ನು ಯೊಕೊಯಿ ರೂಪಿಸಿದರು. ಹೆಬ್ಬೆರಳೊಂದರಿಂದಲೇ ನಾಲ್ಕೂ ದಿಕ್ಕು ಸೂಚಿಸುವ ಆ ಗುಂಡಿ ಮರುವರ್ಷ ಬಂದ ಫ್ಯಾಮಿಕಾಮ್ ಕನ್ಸೋಲ್‌ನಲ್ಲೂ ನೆಲೆಗೊಂಡಿತು. ತೊಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಅಂಗಡಿಗಳಲ್ಲಿ ಟಿವಿ ಗೇಮ್ ಎಂದು ಮಾರಾಟವಾಗುತ್ತಿದ್ದದ್ದು ಬಹುಪಾಲು ಈ ಫ್ಯಾಮಿಕಾಮ್‌ನ ಅಗ್ಗದ ನಕಲುಗಳೇ. ಯೊಕೊಯಿ ಅವರ ಹೆಸರನ್ನೇ ಕೇಳದ ಇಲ್ಲಿನ ಮಕ್ಕಳ ಹೆಬ್ಬೆರಳಿಗೆ ಅವರ ಗುಂಡಿ ಪರಿಚಿತವಾದದ್ದು ಹೀಗೆ.

ಬಣ್ಣ ಬಿಟ್ಟ ಲೆಕ್ಕಾಚಾರ

ಆಟದ ಕಾರ್ಟ್ರಿಜ್ ಬದಲಿಸಬಹುದಾದ ಅಂಗೈ ಯಂತ್ರವನ್ನು ತಯಾರಿಸುವ ಕೆಲಸ ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಯೊಕೊಯಿ ಅವರ ವಿಭಾಗದಲ್ಲಿ ನಡೆಯಿತು. ಸತೊರು ಒಕಾಡಾ ಮುಖ್ಯ ಎಂಜಿನಿಯರ್ ಆಗಿದ್ದರು. 1989ರ ಏಪ್ರಿಲ್ 21ರಂದು ಗೇಮ್ ಬಾಯ್ ಜಪಾನಿನಲ್ಲಿ ಬಿಡುಗಡೆಯಾಯಿತು. ಬೆಲೆ 12,500 ಯೆನ್. ಒಳಗಿದ್ದದ್ದು 8 ಬಿಟ್‌ನ ಸರಳ ಪ್ರೊಸೆಸರ್. ಪರದೆಯಲ್ಲಿ ಬಣ್ಣಗಳಿರಲಿಲ್ಲ, ಹಸಿರು ಮಿಶ್ರಿತ ಹಿನ್ನೆಲೆಯಲ್ಲಿ ನಾಲ್ಕು ಛಾಯೆಗಳು ಮಾತ್ರ. ಹಿಂಬದಿಯಿಂದ ಬೆಳಗುವ ದೀಪವೂ ಇರಲಿಲ್ಲ. ಮಬ್ಬು ಬೆಳಕಿನಲ್ಲಿ ಚಿತ್ರಗಳು ಸರಿಯಾಗಿ ಕಾಣುತ್ತಿರಲಿಲ್ಲ ಎಂಬ ದೂರು ನ್ಯಾಯವಾದದ್ದೇ.

ಅದೇ ವರ್ಷ ಅಟಾರಿ ಕಂಪನಿಯ ಲಿಂಕ್ಸ್, ಮರುವರ್ಷ ಸೆಗಾ ಕಂಪನಿಯ ಗೇಮ್ ಗಿಯರ್ ಬಂದವು. ಎರಡಕ್ಕೂ ಬಣ್ಣದ, ಬೆಳಗುವ ಪರದೆಗಳಿದ್ದವು. ಆದರೆ ಅವು ಆರು ಪೆನ್ಸಿಲ್ ಸೆಲ್‌ಗಳನ್ನು ನಾಲ್ಕೈದು ಗಂಟೆಗಳಲ್ಲಿ ಮುಗಿಸುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ನಡೆಯುತ್ತಿತ್ತು. ಆಟ ಆಡುವವರು ಮಕ್ಕಳು, ಸೆಲ್ ಕೊಡಿಸುವವರು ತಂದೆತಾಯಿ ಎಂಬ ಸರಳ ಸತ್ಯ ಯೊಕೊಯಿ ಅವರ ಲೆಕ್ಕದಲ್ಲಿ ಸೇರಿತ್ತು. ಆಟದಲ್ಲಿ ಮನಸ್ಸು ಮುಳುಗಿದ ಮೇಲೆ ಬಣ್ಣದ ಕೊರತೆ ಯಾರಿಗೂ ಕಾಣದು ಎಂಬುದು ಅವರ ವಾದವಾಗಿತ್ತು. ಮಾರುಕಟ್ಟೆ ಅವರ ಪರವಾಗಿ ತೀರ್ಪು ನೀಡಿತು. ಗೇಮ್ ಬಾಯ್ ಮತ್ತು ಅದರ ಬಣ್ಣದ ಉತ್ತರಾಧಿಕಾರಿ ಸೇರಿ ಒಟ್ಟು ಸುಮಾರು 11 ಕೋಟಿ 87 ಲಕ್ಷ ಯಂತ್ರಗಳು ಮಾರಾಟವಾದವು.

ಎಲ್ಲರಿಗೂ ಒಂದೊಂದು ಮೆಟ್ಟಿಲು

ಗೇಮ್ ಬಾಯ್‌ನ ಆಟಗಳಲ್ಲೂ ಹಳೆಯ ಎ, ಬಿ ಗುಂಡಿಗಳ ಚಿಂತನೆ ವಿಸ್ತಾರಗೊಂಡಿತು. ಅಮೆರಿಕದಲ್ಲಿ ಯಂತ್ರದೊಂದಿಗೇ ನೀಡಲಾದ ಟೆಟ್ರಿಸ್‌ನಲ್ಲಿ ಆಟ ಆರಂಭವಾಗುವ ವೇಗವನ್ನು ಸೊನ್ನೆಯಿಂದ ಒಂಬತ್ತರವರೆಗೆ ಆಟಗಾರನೇ ಆರಿಸಿಕೊಳ್ಳಬಹುದಿತ್ತು. ಅದರ ಎರಡನೆಯ ಬಗೆಯ ಆಟದಲ್ಲಿ 25 ಸಾಲು ತೆಗೆದರೆ ಗೆಲುವು. ಮೊದಲೇ ತುಂಬಿಸಿಟ್ಟ ಕಸದ ಎತ್ತರವೂ ಆಟಗಾರನ ಆಯ್ಕೆ.

ಯೊಕೊಯಿ ನಿರ್ಮಾಪಕರಾಗಿದ್ದ ಸೂಪರ್ ಮಾರಿಯೋ ಲ್ಯಾಂಡ್ ಇನ್ನೊಂದು ಮಾರ್ಗ ಹಿಡಿಯಿತು. ಅಲ್ಲಿ ಆರಂಭದಲ್ಲಿ ಆಯ್ಕೆಯಿಲ್ಲ. ಒಮ್ಮೆ ಗೆದ್ದವನಿಗೆ ಮಾತ್ರ ಶತ್ರುಗಳು ಹೆಚ್ಚಿರುವ ಕಠಿಣ ಆವೃತ್ತಿ ತೆರೆದುಕೊಳ್ಳುತ್ತದೆ. ಅದನ್ನೂ ಗೆದ್ದರೆ ಇಷ್ಟಬಂದ ಹಂತದಿಂದ ಆಡುವ ಸ್ವಾತಂತ್ರ್ಯ ದೊರೆಯುತ್ತದೆ. 1990ರ ಡಾಕ್ಟರ್ ಮಾರಿಯೋದಲ್ಲಿ ವೈರಸ್‌ಗಳ ಪ್ರಮಾಣಕ್ಕೆ ಸೊನ್ನೆಯಿಂದ 20ರವರೆಗೆ ಮಟ್ಟಗಳು, ವೇಗಕ್ಕೆ ಮೂರು ಮಟ್ಟಗಳು. ಇಬ್ಬರು ಎದುರಾಳಿಗಳಾಗಿ ಆಡುವಾಗ ಪ್ರತಿಯೊಬ್ಬರೂ ತಮಗೆ ಬೇಕಾದ ಮಟ್ಟವನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬಹುದು. ಪಳಗಿದ ಅಣ್ಣ ಹದಿನೈದರಲ್ಲಿ, ಹೊಸದಾಗಿ ಕಲಿತ ತಂಗಿ ಎರಡರಲ್ಲಿ ಆಡಿದರೂ ಪಂದ್ಯ ಸಮಬಲದ್ದಾಗುತ್ತದೆ. ಗೆಲ್ಲಲೆಂದು ಯಾರೂ ಬೇಕೆಂದೇ ಸೋಲಬೇಕಾಗಿಲ್ಲ.

ಕೆಂಪು ಪರದೆಯ ಸೋಲು

ಇಷ್ಟೆಲ್ಲ ಯಶಸ್ಸಿನ ನಂತರ ಬಂದದ್ದು ವರ್ಚುವಲ್ ಬಾಯ್. 1995ರ ಜುಲೈ 21ರಂದು ಜಪಾನಿನಲ್ಲಿ ಬಿಡುಗಡೆಯಾದ ಈ ಯಂತ್ರವನ್ನು ಮೇಜಿನ ಮೇಲಿಟ್ಟು, ಅದರೊಳಗೆ ಇಣುಕಿ ನೋಡುತ್ತ ಆಡಬೇಕಿತ್ತು. ಎರಡು ಕಣ್ಣುಗಳಿಗೆ ಬೇರೆ ಬೇರೆ ಚಿತ್ರ ತೋರಿಸಿ ಆಳದ ಅನುಭವ ಕೊಡುವುದು ಅದರ ಹೆಗ್ಗಳಿಕೆ. ಕಪ್ಪು ಹಿನ್ನೆಲೆಯಲ್ಲಿ ಕಾಣುತ್ತಿದ್ದದ್ದು ಕೆಂಪು ಬಣ್ಣವೊಂದೇ. ಕೆಂಪು ಎಲ್‌ಇಡಿ ಅಗ್ಗ, ಮಿತವ್ಯಯಿ ಎಂಬ ಲೆಕ್ಕ ಯೊಕೊಯಿ ಅವರ ಹಳೆಯ ಮಾರ್ಗದ್ದೇ. ಆದರೆ ಉಳಿದೆಲ್ಲವೂ ಆ ಮಾರ್ಗಕ್ಕೆ ವಿರುದ್ಧವಾಗಿತ್ತು. ಜೇಬಿಗೆ ಹಿಡಿಯದು, ಜೊತೆಗಿದ್ದವರಿಗೆ ಏನೂ ಕಾಣದು, ಕಣ್ಣಿಗೆ ಆಯಾಸ. ಹದಿನೈದು ನಿಮಿಷಕ್ಕೊಮ್ಮೆ ಆಟ ತಾನೇ ನಿಂತು ವಿಶ್ರಾಂತಿ ಸೂಚಿಸುವ ವ್ಯವಸ್ಥೆಯನ್ನೂ ಅದರಲ್ಲಿ ಇಡಬೇಕಾಯಿತು.

ಹೆಸರಿನಲ್ಲಿ ಬಾಯ್ ಇದ್ದರೂ ಗೇಮ್ ಬಾಯ್‌ನ ಒಂದು ಕಾರ್ಟ್ರಿಜ್ ಕೂಡ ಅದರಲ್ಲಿ ನಡೆಯುತ್ತಿರಲಿಲ್ಲ. ಹಳೆಯ ಆಟಗಳ ಬೆಂಬಲವಿಲ್ಲದೆ, ತನ್ನದೇ ಆದ ಬೆರಳೆಣಿಕೆಯ ಆಟಗಳೊಂದಿಗೆ ಅದು ಒಂಟಿಯಾಗಿ ನಿಂತಿತು. ಒಟ್ಟು ಬಂದ ಆಟಗಳು 22; ಮಾರಾಟವಾದ ಯಂತ್ರಗಳು ಸುಮಾರು 7 ಲಕ್ಷ 70 ಸಾವಿರ. ವರ್ಷ ತುಂಬುವಷ್ಟರಲ್ಲಿ ನಿಂಟೆಂಡೊ ಅದನ್ನು ಕೈಬಿಟ್ಟಿತು. ಜಪಾನಿನಂಥ ಸಮಾಜದಲ್ಲಿ, ಮೂವತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದ ಹಿರಿಯನಿಗೆ ಇಂಥ ಬಹಿರಂಗ ಸೋಲು ಸಣ್ಣ ಗಾಯವಲ್ಲ.

1996ರ ಜುಲೈನಲ್ಲಿ, ಎರಡೇ ಸಣ್ಣ ಸೆಲ್‌ಗಳಲ್ಲಿ ನಡೆಯುವ, ಪರದೆ ಇನ್ನಷ್ಟು ಸ್ಪಷ್ಟವಾದ ಗೇಮ್ ಬಾಯ್ ಪಾಕೆಟ್ ಬಂತು. ಹಳೆಯ ಕಾರ್ಟ್ರಿಜ್‌ಗಳೆಲ್ಲ ಅದರಲ್ಲಿ ನಡೆಯುತ್ತಿದ್ದವು. ಅದಾದ ಕೆಲವೇ ವಾರಗಳಲ್ಲಿ, ಆಗಸ್ಟ್ 15ರಂದು ಯೊಕೊಯಿ ನಿಂಟೆಂಡೊ ತೊರೆದರು. ವರ್ಚುವಲ್ ಬಾಯ್‌ನ ಸೋಲೇ ಕಾರಣವೆಂದು ಪತ್ರಿಕೆಗಳು ಬರೆದವು. ಐವತ್ತು ದಾಟಿದ ಮೇಲೆ ಸ್ವತಂತ್ರವಾಗಿ ದುಡಿಯಬೇಕೆಂಬ ಇಚ್ಛೆ ತಮಗೆ ಮೊದಲಿನಿಂದಲೂ ಇತ್ತೆಂಬುದು ಅವರ ನಿಲುವಾಗಿತ್ತು.

ಹೆದ್ದಾರಿಯಲ್ಲಿ ಅಂತ್ಯ

ಹೊರಬಂದ ಯೊಕೊಯಿ ಕೋಟೊ ಎಂಬ ಸಣ್ಣ ಸಂಸ್ಥೆ ಕಟ್ಟಿದರು. ಬಂದೈ ಕಂಪನಿಗಾಗಿ ಹೊಸ ಅಂಗೈ ಯಂತ್ರವೊಂದರ ಕೆಲಸ ಆರಂಭವಾಯಿತು. ಆದರೆ ಅದು ಪೂರ್ಣಗೊಳ್ಳುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೊಕುರಿಕು ಹೆದ್ದಾರಿಯಲ್ಲಿ ಅವರು ಪ್ರಯಾಣಿಸುತ್ತಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಯಿತೆಂದು ನೋಡಲು ಕೆಳಗಿಳಿದಾಗ ಇನ್ನೊಂದು ಕಾರು ಅವರಿಗೆ ಬಡಿಯಿತು. ಆಗ ಅವರ ವಯಸ್ಸು 56.

1999ರ ಮಾರ್ಚ್‌ನಲ್ಲಿ ಆ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಬಣ್ಣವಿಲ್ಲದ ಪರದೆ, 4,800 ಯೆನ್ ಬೆಲೆ, ಒಂದೇ ಒಂದು ಪೆನ್ಸಿಲ್ ಸೆಲ್: ಯೊಕೊಯಿ ಅವರ ರೀತಿ ಎದ್ದು ಕಾಣುತ್ತಿತ್ತು. ಅದರೊಂದಿಗೆ ಬಂದ ಒಗಟಿನ ಆಟಕ್ಕೆ ಅವರ ನೆನಪಿನಲ್ಲಿ ಗುನ್‌ಪೇ ಎಂದೇ ಹೆಸರಿಡಲಾಯಿತು. 2000ದಲ್ಲಿ ಬಣ್ಣದ ವಂಡರ್‌ಸ್ವಾನ್ ಬಂದಾಗ ಹಳೆಯ ಆಟಗಳು ಅದರಲ್ಲೂ ನಡೆದವು.

ಅವರ ನಂತರವೂ ಉಳಿದ ಆಟಗಳು

ಹಳೆಯ ಆಟ ಹೊಸ ಯಂತ್ರದಲ್ಲಿ ನಡೆಯುವ ಗುಣಕ್ಕೆ ಉದ್ಯಮದಲ್ಲಿ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎನ್ನುತ್ತಾರೆ. ನಿಂಟೆಂಡೊ 1990ರಲ್ಲಿ ತಂದ ಸೂಪರ್ ಫ್ಯಾಮಿಕಾಮ್‌ಗೆ ಈ ಗುಣವಿರಲಿಲ್ಲ. ಫ್ಯಾಮಿಕಾಮ್‌ನ ಕಾರ್ಟ್ರಿಜ್‌ಗಳನ್ನು ಕೂಡಿಟ್ಟ ಕುಟುಂಬಗಳು ಅವನ್ನು ಆಡಲು ಹಳೆಯ ಯಂತ್ರವನ್ನೇ ಉಳಿಸಿಕೊಳ್ಳಬೇಕಾಯಿತು. ಗೇಮ್ ಬಾಯ್ ವಿಷಯದಲ್ಲಿ ಹಾಗಾಗಲಿಲ್ಲ. 1998ರ ಅಕ್ಟೋಬರ್‌ನಲ್ಲಿ ಬಂದ ಗೇಮ್ ಬಾಯ್ ಕಲರ್ ಹಳೆಯ ಆಟಗಳನ್ನು ನಡೆಸಿದ್ದಷ್ಟೇ ಅಲ್ಲ, ಬೂದು ಚಿತ್ರಗಳಿಗೆ ಮಿತವಾಗಿ ಬಣ್ಣವನ್ನೂ ಬಳಿಯಿತು. 1999ರ ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಆಟಗಳು ಹಳೆಯ, ಹೊಸ ಎರಡೂ ಯಂತ್ರಗಳಲ್ಲಿ ನಡೆಯುತ್ತಿದ್ದವು. 1996ರ ಪೋಕೆಮಾನ್ ಆಟದೊಂದಿಗೂ ಕೇಬಲ್ ಮೂಲಕ ವಿನಿಮಯ ನಡೆಸುತ್ತಿದ್ದವು.

2001ರ ಗೇಮ್ ಬಾಯ್ ಅಡ್ವಾನ್ಸ್ ಸಂಪೂರ್ಣ ಬೇರೆಯೇ ಆದ 32 ಬಿಟ್ ಯಂತ್ರ. ಆದರೂ ಅದರೊಳಗೆ ಹಳೆಯ 8 ಬಿಟ್ ಪ್ರೊಸೆಸರ್ ಅನ್ನೂ ಇರಿಸಲಾಗಿತ್ತು. ಹಳೆಯ ಕಾರ್ಟ್ರಿಜ್‌ನ ಆಕಾರವೇ ಒಂದು ಸ್ವಿಚ್ ಅನ್ನು ಒತ್ತಿ, ಯಂತ್ರವನ್ನು ಹಳೆಯ ಕಾಲಕ್ಕೆ ಹೊರಳಿಸುತ್ತಿತ್ತು. ಈ ಉಪಾಯ ಯೊಕೊಯಿ ಅವರದಲ್ಲ; ಅವರು ತೀರಿಕೊಂಡ ನಂತರದ ಎಂಜಿನಿಯರ್‌ಗಳದು. ಆದರೆ ಇದು ದುಬಾರಿಯಾಗದೆ ಸಾಧ್ಯವಾದದ್ದಕ್ಕೆ, ಅವರ ವಿಭಾಗ 1989ರಲ್ಲಿ ಆರಿಸಿದ ಚಿಪ್ ಅಗ್ಗವೂ ಸರಳವೂ ಆಗಿದ್ದದ್ದು ಒಂದು ಮುಖ್ಯ ಕಾರಣ. ಹೊಸದರ ಮಡಿಲಲ್ಲಿ ಹಳೆಯದನ್ನು ಕೂರಿಸಲು ಹೆಚ್ಚು ಜಾಗವೂ ಬೇಕಿರಲಿಲ್ಲ, ಹೆಚ್ಚು ವಿದ್ಯುತ್ತೂ ಬೇಕಿರಲಿಲ್ಲ.

2004ರ ನಿಂಟೆಂಡೊ ಡಿಎಸ್ ಅಡ್ವಾನ್ಸ್‌ನ ಆಟಗಳನ್ನು ಸ್ವೀಕರಿಸಿತಾದರೂ ಮೂಲ ಗೇಮ್ ಬಾಯ್‌ನ ಕಾರ್ಟ್ರಿಜ್‌ಗಳಿಗೆ ಬಾಗಿಲು ಮುಚ್ಚಿತು. ಆ ಬಳಿಕ ಹಳೆಯ ಆಟಗಳು ಅಂತರ್ಜಾಲದ ಮಳಿಗೆಗಳಲ್ಲಿ ಮರಳಿ ಮಾರಾಟಕ್ಕೆ ಬಂದವು. ಅಂಥ ಮಳಿಗೆಗಳಲ್ಲೊಂದಾದ 3ಡಿಎಸ್ ಮಳಿಗೆ 2023ರ ಮಾರ್ಚ್‌ನಲ್ಲಿ ಮಾರಾಟ ನಿಲ್ಲಿಸಿತು. ಅದಕ್ಕೆ ಒಂದು ತಿಂಗಳ ಮೊದಲು ಗೇಮ್ ಬಾಯ್ ಆಟಗಳು ಸ್ವಿಚ್ ಯಂತ್ರದ ಚಂದಾ ಸೇವೆಗೆ ಸೇರಿದ್ದವು. ಒಮ್ಮೆ ಕೊಂಡು ಸ್ವಂತವಾಗಿಸಿಕೊಂಡಿದ್ದ ಆಟಕ್ಕೆ ಗ್ರಾಹಕ ಮತ್ತೆ ಮತ್ತೆ ಹಣ ತೆರುವ ಸ್ಥಿತಿ ಇದು. ಕಾರ್ಟ್ರಿಜ್ ಸಿಕ್ಕಿಸಿ ಗುಂಡಿ ಒತ್ತಿದರೆ ಸಾಕಾಗಿದ್ದ ಆ ಹನ್ನೆರಡು ಹದಿನಾಲ್ಕು ವರ್ಷಗಳ ಬೆಲೆ ಈಗ ಸ್ಪಷ್ಟವಾಗಿ ಕಾಣುತ್ತದೆ.

2003ರಲ್ಲಿ ಅಂತರರಾಷ್ಟ್ರೀಯ ಆಟ ನಿರ್ಮಾಪಕರ ಸಂಘಟನೆ ಯೊಕೊಯಿ ಅವರಿಗೆ ಮರಣೋತ್ತರವಾಗಿ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. 2004ರ ಡಿಎಸ್‌ನ ಎರಡು ಪರದೆಗಳು, ಮಡಿಸುವ ಮೈಕಟ್ಟು 1982ರ ಅವರ ಗೇಮ್ ಆಂಡ್ ವಾಚ್ ಅನ್ನು ನೆನಪಿಸುತ್ತವೆ. ಕೂಡುಚಿಹ್ನೆಯ ಗುಂಡಿ ಇಂದಿಗೂ ಆಟದ ನಿಯಂತ್ರಕಗಳ ಮೇಲೆ ಕುಳಿತಿದೆ. ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಗಳನ್ನು ಇಂದಿನ ಆಟಗಳು ಎಷ್ಟೇ ವಿಸ್ತಾರವಾಗಿ ಕೊಟ್ಟರೂ, ಎರಡು ಚೆಂಡಿಗೆ ಒಂದು ಗುಂಡಿ, ಮೂರು ಚೆಂಡಿಗೆ ಇನ್ನೊಂದು ಗುಂಡಿ ಎಂಬ 1980ರ ಸರಳ ವ್ಯವಸ್ಥೆಯಲ್ಲಿ ಆಡುವವನ ಬಗ್ಗೆ ಇದ್ದ ಗೌರವವೇ ಅವುಗಳಲ್ಲೂ ಇದೆ.